ಕೆಂಪು ಮೊಹರಿನ ಸುರುಳಿ

ಮರಡಿದುರ್ಗದ ಮೂಡಣ ಹೆಬ್ಬಾಗಿಲಲ್ಲಿ ನಗಾರಿ ಮೊಳಗಿ, ಪರಂಗಿ ವರ್ತಕರ ಕಾಣಿಕೆ ಹೊತ್ತ ಒಂಬತ್ತು ಗಾಡಿಗಳು ರಾಜಬೀದಿಗೆ ಹೊರಳಿದಾಗ, ನೇಕಾರರು ಮಗ್ಗ ಬಿಟ್ಟು, ಹೂವಾಡಗಿತ್ತಿಯರು ಬುಟ್ಟಿ ಬಿಟ್ಟು ಓಡಿಬಂದಿದ್ದರು. ಸಿಂಹಪಾದದ ಪೀಠಗಳು, ಚಿನ್ನದ ಬಳ್ಳಿ ಹಬ್ಬಿದ ಆಳೆತ್ತರದ ಕನ್ನಡಿ, ಆಮೆಚಿಪ್ಪು ಹಿತ್ತಾಳೆಗಳನ್ನು ಕೂಡಿಸಿ ಕೆತ್ತಿದ ಬರೆಯುವ ಮೇಜು. ಕೂರುವುದಕ್ಕೆ ಇಷ್ಟೊಂದು ಕಾಲು ಬೇಕೆ, ಇವರ ಊರಲ್ಲಿ ನೆಲವಿಲ್ಲವೆ ಎಂದು ಒಬ್ಬ ಮುದುಕಿ ಕೇಳಿದ್ದಕ್ಕೆ ಬೀದಿಯೆಲ್ಲ ನಕ್ಕಿತ್ತು.

ಮೊದಲ ಮಳೆಗಾಲಕ್ಕೇ ಆ ಮರ ಬಿರಿಯತೊಡಗಿತು. ಹಾಳಾಗುವ ಮುನ್ನ ಒಂದೊಂದನ್ನೂ ಬಣ್ಣದಲ್ಲಿ ಬರೆದಿಡುವಂತೆ ರಾಣಿ ಲಿಂಗಾಜಮ್ಮನವರು ಆಸ್ಥಾನದ ಚಿತ್ರಗಾರ ಹಂಪಣ್ಣನಿಗೆ ಅಪ್ಪಣೆ ಕೊಟ್ಟರು. ಮೂರು ವರ್ಷದಲ್ಲಿ ನಲವತ್ತು ಚಿತ್ರಗಳಾದವು. ಪ್ರತಿಯೊಂದರ ಕೆಳಗೂ ‘ಕಂಡಂತೆ ಬರೆದದ್ದು’ ಎಂದು ಅವನ ರುಜುವಿತ್ತು.

ಓಲಗದಲ್ಲಿ ಚಿತ್ರಗಳನ್ನು ಬಿಚ್ಚಿದ ದಿನ, ದಳವಾಯಿ ಬೊಮ್ಮರಸನ ಬೆರಳು ಮೇಜಿನ ಚಿತ್ರದ ಮೇಲೆ ನಿಂತಿತು. ಆ ಮೇಜು ಇದ್ದದ್ದು ಪ್ರಧಾನ ನರಸಪಯ್ಯನವರ ಕಚೇರಿಯಲ್ಲಿ. ಹಂಪಣ್ಣ ಅದರ ಗುಪ್ತ ಖಾನೆಯನ್ನು ಹುಡುಕಿ, ತೆರೆದಂತೆ ಬರೆದಿದ್ದ. ಒಳಗೊಂದು ಕೆಂಪು ಮೊಹರಿನ ಸುರುಳಿ. ನೆರೆರಾಜ್ಯದ ಮೊಹರು ಕೆಂಪು. ಅವರ ಮೇಲೆ ಯುದ್ಧ ಬೇಡವೆಂದು ಪ್ರಧಾನರು ಹಟ ಹಿಡಿದದ್ದೇಕೆಂದು ಈಗ ತಿಳಿಯಿತಲ್ಲ ಎಂದ ಬೊಮ್ಮರಸ. ಶೋಧಿಸಿದಾಗ ಖಾನೆ ಬರಿದಾಗಿತ್ತು. ಓಲೆ ಸಾಗಿಸಿದ್ದಾರೆಂದು ಅದನ್ನೂ ದಳವಾಯಿ ಸಾಕ್ಷಿ ಮಾಡಿಕೊಂಡ. ಪ್ರಧಾನರು ಸೆರೆಯಾದರು.

ಖಾನೆ ಮೊದಲಿಂದಲೂ ಬರಿದಾಗಿತ್ತೆಂದು ಹಂಪಣ್ಣನೊಬ್ಬನಿಗೆ ಗೊತ್ತಿತ್ತು. ಬರಿದಾದ ಪಾತ್ರೆಯನ್ನು ಅವನ ಮನೆತನದಲ್ಲಿ ಬರೆಯುತ್ತಿರಲಿಲ್ಲ; ಅದು ಅಮಂಗಳ. ಗಡಿಗೆಯಾದರೆ ಅಕ್ಕಿ, ಪೆಟ್ಟಿಗೆಯಾದರೆ ಏನಾದರೊಂದು. ಕೈ ತಾನಾಗಿ ಬರೆದಿತ್ತು. ಈಗ ಹೇಳಿದರೆ ನಲವತ್ತು ರುಜುಗಳೂ ಸುಳ್ಳಾಗುತ್ತವೆ. ನಾಳೆ ಹೇಳೋಣ, ಅಷ್ಟರಲ್ಲಿ ಅವರನ್ನು ಬಿಟ್ಟರೂ ಬಿಟ್ಟಾರು ಎಂದು ದಿನ ದೂಡಿದ. ಒಂಬತ್ತನೆಯ ದಿನ ಪ್ರಧಾನರ ವೃದ್ಧ ತಾಯಿ ತೀರಿಕೊಂಡರು. ಸೆರೆಯಲ್ಲಿದ್ದ ಮಗನನ್ನು ಬಿಡಲಿಲ್ಲ. ದಾಯಾದಿಯೊಬ್ಬ ಚಿತೆಗೆ ಬೆಂಕಿಯಿಟ್ಟ. ಆ ಹೊಗೆ ಹಂಪಣ್ಣನ ಅಂಗಳದಿಂದಲೇ ಕಾಣುತ್ತಿತ್ತು.

ಹನ್ನೊಂದನೆಯ ದಿನ ದಳವಾಯಿ ಮರಣದಂಡನೆ ಕೇಳಿದಾಗ ಹಂಪಣ್ಣ ಎದ್ದು ನಿಂತು ಎಲ್ಲವನ್ನೂ ಹೇಳಿದ.

“ಕೆಂಪು ಬಣ್ಣವೇ ಏಕೆ?” ಎಂದರು ರಾಣಿ.

“ಸುತ್ತಲೂ ಕಂದು ಬಣ್ಣವಿತ್ತು, ಮಹಾದೇವಿ. ಕಣ್ಣಿಗೆ ಅಲ್ಲೊಂದು ಕೆಂಪು ಬೇಕೆನಿಸಿತು.”

“ಪ್ರಧಾನರ ಮನೆಯ ಉಪ್ಪು ಮಾತಾಡುತ್ತಿದೆ” ಎಂದು ಬೊಮ್ಮರಸ ನಕ್ಕ.

ಹಂಪಣ್ಣ ಉಳಿದ ಚಿತ್ರಗಳನ್ನು ತಾನೇ ಹರಡಿದ. ಅಂತಃಪುರದ ಕಪಾಟಿನಲ್ಲಿ ನವಿಲುಗರಿ, ಕನ್ನಡಿಯ ಕೆಳಗಿನ ಖಾನೆಯಲ್ಲಿ ಸಂಪಿಗೆ, ಪರಂಗಿ ಹೂದಾನಿಯಲ್ಲಿ ಭತ್ತದ ತೆನೆ. ದಿನವೂ ಅವನ್ನು ಒರೆಸುವ ಊಳಿಗದ ಹೆಂಗಸರನ್ನು ಕರೆಸಿ ಕೇಳಿದಾಗ, ಇವೊಂದೂ ಅಲ್ಲಿ ಇರಲೇ ಇಲ್ಲವೆಂದರು.

ಪ್ರಧಾನರ ಬಿಡುಗಡೆಯಾಯಿತು. ನಲವತ್ತು ಚಿತ್ರಗಳನ್ನೂ ಬರೆದ ಕೈಯಿಂದಲೇ ತೊಳೆಯಬೇಕು, ಆ ಕೈ ಇನ್ನು ಕುಂಚ ಹಿಡಿಯಕೂಡದು ಎಂದು ರಾಣಿ ತೀರ್ಪಿತ್ತರು. ತೊಳೆಯುವಾಗ ಹಂಪಣ್ಣನಿಗೆ ದುಃಖವಾಗಲಿಲ್ಲ, ದಂಡನೆ ಕಡಿಮೆಯಾಯಿತೆನಿಸಿತು.

ಮರುದಿನ ಬೆಳಿಗ್ಗೆ ಅವನು ಪ್ರಧಾನರ ಮನೆಗೆ ಹೋದ. ತಾಯಿಗಾಗಿ ತಲೆ ಬೋಳಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದ ನರಸಪಯ್ಯನವರು ಅವನನ್ನು ಗುರುತಿಸಿ, ಆ ಮೇಜಿಗೆ ಗುಪ್ತ ಖಾನೆಯಿದೆಯೆಂದು ತಮಗೇ ತಿಳಿದಿರಲಿಲ್ಲವೆಂದರು. ಹಂಪಣ್ಣ ಕಾಲಿಗೆ ಬೀಳಲು ಬಗ್ಗಿದಾಗ ಕೈಯೆತ್ತಿ ತಡೆದರು.

“ನಿನಗೆ ಕೈಮುಗಿಯಬೇಕಾದವನು ನಾನು. ನನ್ನ ಜೀವ ಉಳಿಸಿದೆ” ಎಂದರು. ಆಮೇಲೆ ಬಹಳ ಮೆಲ್ಲಗೆ, “ಮೂರು ದಿನ ಮುಂಚೆ ಹೇಳುವುದಕ್ಕಾಗಲಿಲ್ಲವೆ, ಹಂಪಣ್ಣ?” ಎಂದು ಕೇಳಿದರು.

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ಅವನ ಮುಖವನ್ನೇ ನೋಡುತ್ತ, ಉತ್ತರಕ್ಕಾಗಿ ಕಾದು ಕುಳಿತಿದ್ದರು.