ಕಿನುಯೊ ಪಾಲಿನ ಊದುಬತ್ತಿ

ಕಿನುಯೊ ಗದ್ದೆಯ ಪಾಳಿ ಬಂದಾಗ ಮಾತ್ರ ಊದುಬತ್ತಿ ನಿಧಾನವಾಗಿ ಉರಿಯುತ್ತದೆಂದು ಸಾನುಕಿ ಸೀಮೆಯ ಆ ಊರಿಗೆಲ್ಲ ಗೊತ್ತಿತ್ತು. ಬತ್ತಿ ಉರಿಯುವಷ್ಟು ಹೊತ್ತು ಕೆರೆಯ ನೀರು ಒಬ್ಬರ ಗದ್ದೆಗೆ. ಆರಿದರೆ ಡೋಲು ಬಡಿದು ಮುಂದಿನವರಿಗೆ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ಅದೇ ನ್ಯಾಯ.

"ತೊಮೆಕಿಚಿ ಇನ್ನೂ ಹೆಂಡ್ತಿಗೆ ನೀರು ಬಿಡ್ತಿದಾನೆ ಕಣೇ," ಎಂದು ಮುದುಕಿಯರು ಪಿಸುಗುಟ್ಟುತ್ತಿದ್ದರು. ಕಿನುಯೊಳ ಗಂಡ, ಹಿಂದಿನ ನೀರುಗಂಟಿ ತೊಮೆಕಿಚಿ, ತೂಬು ತೆಗೆಯಲು ಕೆರೆಯಲ್ಲಿ ಮುಳುಗಿದವನು ಮೇಲೆ ಬರಲೇ ಇಲ್ಲ. ದೆವ್ವದ ಜೊತೆ ಜಗಳ ಯಾರಿಗೆ ಬೇಕು? ಯಾರೂ ತಕರಾರು ಎತ್ತಲಿಲ್ಲ.

ದೆವ್ವ ಯಾರೆಂದು ಈಗಿನ ನೀರುಗಂಟಿ ಗೆಂಪೈಗೆ ಗೊತ್ತಿತ್ತು. ಅವಳ ಪಾಲಿನ ಬತ್ತಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದವನು ಅವನೇ. ಹೇಳಿದರೆ ಊರಿನ ಮುಂದೆ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಅವಳು ಸತ್ತವನ ಪ್ರೀತಿಯನ್ನೇ ನಂಬಿಕೊಂಡು ಕೂತಿರುತ್ತಾಳೆ. ತಾನೇ ಹುಟ್ಟಿಸಿದ ದೆವ್ವದ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ಎಂಥ ಕರ್ಮ!

ಆ ಮಧ್ಯಾಹ್ನ ಕಿನುಯೊ ಬದುವಿನ ಮೇಲೆ ಬಂದು ಬತ್ತಿ ಉರಿಸುವ ಪೆಟ್ಟಿಗೆಯ ಪಕ್ಕ ಕೂತಳು. ಹುಲ್ಲಿನ ಟೋಪಿಯ ಅಂಚಿನಿಂದ ಓರೆಗಣ್ಣಲ್ಲಿ ನೋಡಿದಳು.

"ಏನ್ರೀ ನೀರುಗಂಟಿಗಳೇ, ಮುಖ ಯಾಕೆ ಪೈರಿಗಿಂತ ಬಾಡಿದೆ?"

"ಕಿನುಯೊ ಅವರೇ, ಒಂದು ಮಾತು. ನಿಮ್ಮ ಬತ್ತಿ ನಿಧಾನ ಉರೀತಿದ್ದದ್ದು..."

"ಒದ್ದೆ ಮಾಡ್ತಿದ್ರಿ, ಅದಕ್ಕೆ."

ಗೆಂಪೈ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ.

"ನಮ್ಮೆಜಮಾನ್ರು ಬದುಕಿದ್ದಾಗಲೇ ಸ್ವಂತ ಗದ್ದೆಗೆ ಒಂದು ತೊಟ್ಟು ಹೆಚ್ಚಿಗೆ ಬಿಟ್ಟವರಲ್ಲ. ಕೇಳಿ ಬೈಸ್ಕೊಂಡಿದೀನಿ. ಸತ್ತ ಮೇಲೆ ಬಿಡ್ತಾರಾ?"

"ಮತ್ತೆ ಯಾಕೆ ಸುಮ್ನಿದ್ರಿ?"

"ಹೇಳಿದ್ರೆ ನೀವು ನಿಲ್ಲಿಸ್ಬಿಡ್ತಿದ್ರಿ." ಅವಳು ಹುಲ್ಲು ಕಿತ್ತಳು. "ನೀರಿನ ವಿಷಯ ಅಲ್ಲ ನಾನು ಹೇಳ್ತಿರೋದು."

ಗೆಂಪೈಗೆ ಕಿವಿಯವರೆಗೂ ಬಿಸಿಯೇರಿತು. "ಇವತ್ತು ಒಣ ಬತ್ತಿನೇ ತಂದಿದೀನಿ. ಇನ್ಮೇಲೆ ಕಳ್ಳತನ ಬೇಡ. ನಿಮ್ಮನ್ನ ಕೇಳೋದಿದ್ರೆ ನೇರವಾಗೇ ಕೇಳ್ತೀನಿ."

ಬತ್ತಿ ಹಚ್ಚಿದ. ನೀರು ಅವಳ ಗದ್ದೆಗೆ ತಿರುಗಿತು. ಇಬ್ಬರೂ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

ಗಾಳಿ ಇರಲಿಲ್ಲ. ಕೂಗುತ್ತಿದ್ದ ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ಪೆಟ್ಟಿಗೆಯೊಳಗಿಂದ ಕೆರೆಯ ಕೆಸರಿನ ವಾಸನೆ ಬಂತು. ಅರ್ಧ ಉರಿದ ಬತ್ತಿಯ ಕೆಂಡ, ಯಾರೋ ಬೆರಳಲ್ಲಿ ಹಿಸುಕಿದಂತೆ, ಚುಯ್ಯೆಂದು ಆರಿಹೋಯಿತು. ಗೆಂಪೈ ಮುಟ್ಟಿ ನೋಡಿದ. ಒಣ ಬತ್ತಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಕಿನುಯೊ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಅಳುತ್ತಲೇ ನಕ್ಕಳು.

"ನಾವು ಕದ್ದಿದ್ದನ್ನ ವಾಪಸ್ ತಗೊಂಡ್ರು, ನೋಡಿ."

"ನನ್ನ ಮೇಲೆ ಕೋಪ ಇರ್ಬೇಕು."

"ಕೋಪ ಇದ್ದಿದ್ರೆ ಹಚ್ಚೋಕೇ ಬಿಡ್ತಿರ್ಲಿಲ್ಲ. ಅವರು ಯಾವತ್ತೂ ಹಾಗೇ. ಬಾಕಿ ತೀರಿದ ಮೇಲೆ ಮತ್ತೆ ಆ ಮಾತೇ ಎತ್ತಲ್ಲ."

ಅರ್ಧ ಗದ್ದೆ ಒಣಗಿದ್ದರೂ ಅವಳೇ ಇಳಿದು ಹಲಗೆ ಹಾಕಿ ನೀರು ತಡೆದಳು. ಕೆರೆಯ ಕಡೆ ತಿರುಗಿ ಸೊಂಟ ಬಗ್ಗಿಸಿ ತುಂಬ ಹೊತ್ತು ನಮಸ್ಕರಿಸಿದಳು. ಜೀರುಂಡೆಗಳು ಮತ್ತೆ ಶುರುಮಾಡಿದವು.

"ಡೋಲು ಬಡೀರಿ," ಎಂದು ಕೆಸರುಗೈಯನ್ನು ಅವನತ್ತ ಚಾಚಿದಳು. "ಆಮೇಲೆ ನೇರವಾಗಿ ಕೇಳ್ತೀನಿ ಅಂದ್ರಲ್ಲ, ಅದನ್ನ ಇಲ್ಲೇ ಕೇಳಿ. ಅವರಿಗೂ ಕೇಳಿಸ್ಲಿ."