ಮಧುಗಿರಿಯ ಜೋಡಿ ತಪಾಸಣೆ

ಅನಿಲ್ ಕುಮಾರ್ ಈ ವರ್ಷ ನನ್ನ ಎದುರಿನ ಕುರ್ಚಿಯಲ್ಲಿ ಕೂರಲಿಲ್ಲ. ಪಾವಗಡದ ಸ್ಪಂದನಾಳ ಎದುರು ಕೂತರು.

ನನ್ನೆದುರಿನ ಆ ಕುರ್ಚಿಯಲ್ಲಿ ಅವರನ್ನು ನೋಡಲೆಂದೇ ನಾನು ವರ್ಷವಿಡೀ ಕಾದಿದ್ದೆ. ನಾನು ಚನ್ನರಾಯನದುರ್ಗದ ಅನುದಾನಿತ ಪ್ರೌಢಶಾಲೆಯಲ್ಲಿ ಗುಮಾಸ್ತೆ. ಶಿರಾದ ಒಂದು ಶಾಲೆಯಲ್ಲಿ ಅವರದೂ ಅದೇ ಕೆಲಸ. ಮೇಷ್ಟ್ರುಗಳ ಸಂಬಳದಲ್ಲಿ ಹಿಡಿದ ಪಿಂಚಣಿ ವಂತಿಗೆ ಅವರವರ ಖಾತೆಗೆ ಸೇರಿದೆಯೇ ಎಂದು ನೋಡಲು ಪ್ರತಿ ವರ್ಷ ಆಡಿಟ್‌ನವರು ಬರುತ್ತಾರೆ. ಅದಕ್ಕೂ ಮುಂಚೆ ನಾಲ್ಕು ತಾಲ್ಲೂಕಿನ ಶಾಲೆಗಳವರು ಮಧುಗಿರಿಯಲ್ಲಿ ಸೇರಿ, ಒಬ್ಬರ ಕಡತವನ್ನು ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು. ಇಬ್ಬಿಬ್ಬರ ಜೋಡಿ. ಒಬ್ಬರು ಓದುವುದು, ಇನ್ನೊಬ್ಬರು ಟಿಕ್ ಹಾಕುವುದು.

ಕಳೆದ ವರ್ಷ ಅವರು ಓದಿದರು, ನಾನು ಟಿಕ್ ಹಾಕಿದೆ. ಹೂಂಗುಟ್ಟದಿದ್ದರೆ ಕತೆ ಮುನಿಸಿಕೊಂಡು ಕಾಡಿಗೆ ಹೋಗಿಬಿಡುತ್ತದೆ ಎಂದು ಚಿಕ್ಕಂದಿನಲ್ಲಿ ನನ್ನ ಅಜ್ಜಿ ಕೆಂಚಮ್ಮ ಹೇಳುತ್ತಿದ್ದಳು. ಆ ಅಭ್ಯಾಸಬಲದಿಂದ ಪ್ರತಿ ಸಂಖ್ಯೆಗೂ ‘ಹೂಂ’ ಎಂದೆ. ಅವರು ತಲೆಯೆತ್ತಿ ನೋಡಿದರು. ಆಮೇಲೆ ಬೇಕೆಂದೇ ನಿಧಾನ ಮಾಡಿದರು. ಏಳು ಸಮುದ್ರ ದಾಟುವ ರಾಜಕುಮಾರನ ಹಾಗೆ ಒಂದೊಂದು ಸೊನ್ನೆಗೂ ಉಸಿರು ತೆಗೆದುಕೊಂಡು ಓದಿದರು.

ಆಮೇಲೆ ವರ್ಷಪೂರ್ತಿ ಫೋನುಗಳು. ಯಾವುದೋ ಮೇಷ್ಟ್ರ ಖಾತೆಯ ಡೌಟಿನಿಂದ ಶುರುವಾಗಿ ಊಟ ಆಯ್ತಾ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದವು.

ಈಗ ಅವರು ಓದಿದ್ದಕ್ಕೆಲ್ಲ ಸ್ಪಂದನಾ ತೆಲುಗು ಬೆರೆಸಿ ‘ಸರೇ, ಸರೇ’ ಎನ್ನುತ್ತಿದ್ದಳು. ನಕ್ಕರೆ ಅವಳ ಜಡೆ ಅವರ ಕಡತದ ಮೇಲೇ ಜಾರುತ್ತಿತ್ತು. ನೋಡಲು ಚೆನ್ನಾಗಿದ್ದಳು, ಅದೇ ತೊಂದರೆ. ಅಜ್ಜಿಯ ಕತೆಗಳಲ್ಲಿ ರಾಜಕುಮಾರಿಯನ್ನು ಕೊಳಕ್ಕೆ ತಳ್ಳಿ, ಅವಳ ಒಡವೆ ತೊಟ್ಟು ಪಲ್ಲಕ್ಕಿಯಲ್ಲಿ ಕೂರುವ ದಾಸಿಯೊಬ್ಬಳು ಇರುತ್ತಾಳೆ. ಆ ಪಾತ್ರವನ್ನು ಸ್ಪಂದನಾಳಿಗೆ ಕೊಟ್ಟುಬಿಟ್ಟೆ. ಪಾಪ, ಬೆಳಿಗ್ಗೆ ಅವಳು ನನಗೆ ಹುರಿದ ಕಡಲೆಕಾಯಿ ಕೊಟ್ಟಿದ್ದಳು.

ನನ್ನ ಜೋಡಿ ಮಧುಗಿರಿಯ ರಾಜಲಕ್ಷ್ಮಮ್ಮ, ನಿವೃತ್ತಿಗೆ ಹತ್ತಿರವಾದವರು. ಒಬ್ಬ ಮೇಷ್ಟ್ರ ವಂತಿಗೆಗೆ ಇನ್ನೊಬ್ಬರ ಹೆಸರಿನ ಮುಂದೆ ನಾನು ಟಿಕ್ ಹಾಕಿದ್ದನ್ನು ಕಂಡು ಕೈ ಹಿಡಿದು ನಿಲ್ಲಿಸಿದರು.

“ಕಣ್ಣು ಅಲ್ಲಿಟ್ಟು ಕೈ ಇಲ್ಲಿಟ್ರೆ ಆ ಮೇಷ್ಟ್ರು ಗತಿ ಏನಾಗ್ಬೇಕು ಕಣಮ್ಮ? ಹೋಗು, ನೀರು ಕುಡ್ಕೊಂಡ್ ಬಾ.”

ನೀರಿನ ಕ್ಯಾನ್ ಹತ್ತಿರ ಅನಿಲ್ ಬಂದರು. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ಕೋಪವೇ ಎಂದು ಕೇಳಿದರು.

“ನನಗ್ಯಾಕೆ ಕೋಪ ಸರ್? ಅಲ್ಲಿ ನಿಮ್ ಜೋಡಿ ಕಾಯ್ತಾ ಅವ್ರೆ, ಹೋಗಿ.”

ಅವರ ತುಟಿಯಂಚಿನಲ್ಲಿ ನಗು ಸುಳಿಯಿತು. ಆ ನಗು ನೋಡಿ ಮೈಯೆಲ್ಲ ಉರಿದುಹೋಯಿತು. ಜೋಡಿಗಳನ್ನು ಮಾಡುವ ಸೂಪರಿಂಟೆಂಡೆಂಟ್ ಗಂಗಹನುಮಯ್ಯನವರ ಮೇಜಿಗೆ ನೇರವಾಗಿ ಹೋಗಿ, ಕಳೆದ ವರ್ಷದ ಜೋಡಿಯನ್ನೇ ಕೊಡಿ ಎಂದೆ. ಯಾರ ಜೊತೆಗೋ ಫೋನಿನಲ್ಲಿದ್ದ ಅವರು ಊಟವಾದ ಮೇಲೆ ನೋಡೋಣವೆಂದರು. ನಾನು ತಿರುಗುವಷ್ಟರಲ್ಲಿ, ಜೋಡಿ ಬದಲಾಯಿಸಿ ಎಂದು ಕೇಳಿಕೊಂಡವನೇ ಅನಿಲ್ ಕುಮಾರ್ ಎಂದೂ ಸೇರಿಸಿದರು.

ಊಟದ ಹೊತ್ತಿಗೆ ಡಬ್ಬಿ ತೆರೆಯದೆ ಹೊಂಗೆ ಮರದಡಿ ಕೂತೆ. ಮುಂದೆ ಮಧುಗಿರಿಯ ಬಂಡೆ ಬಿಸಿಲು ಕುಡಿಯುತ್ತಿತ್ತು. ಅನಿಲ್ ಹುಡುಕಿಕೊಂಡು ಬಂದರು.

“ನನ್ನ ಜೊತೆ ಕೂರೋಕೆ ಇಷ್ಟ ಇಲ್ಲ ಅಂತ ನನಗೇ ಹೇಳ್ಬೋದಿತ್ತು” ಎಂದೆ.

“ಸಂಬಂಧಿಕರು ಒಬ್ಬರ ಕಡತಕ್ಕೊಬ್ಬರು ಸಹಿ ಹಾಕಂಗಿಲ್ಲ. ರೂಲ್ ಗೊತ್ತಲ್ಲ?”

“ನಾನೇನು ನಿಮಗೆ ಸಂಬಂಧಾನಾ?”

“ಇನ್ನೂ ಇಲ್ಲ.”

ಅವರ ಕಿವಿ ಕೆಂಪಾಗಿತ್ತು. ನೆಲ ನೋಡುತ್ತಲೇ ಹೇಳಿಕೊಂಡರು. ಭಾನುವಾರ ಅವರ ತಾಯಿ ಸಿದ್ದರಬೆಟ್ಟಕ್ಕೆ ಬರುತ್ತಾರಂತೆ. ಬೆಟ್ಟ ಇಳಿದು ನಮ್ಮ ಮನೆಗೆ ಬಂದು ಅಜ್ಜಿಯ ಹತ್ತಿರ ಮಾತಾಡುತ್ತಾರಂತೆ. ಆಡಿಟ್ ಬರುವಷ್ಟರಲ್ಲಿ ಮದುವೆ ಗೊತ್ತಾಗಿದ್ದರೆ, ಗಂಡನಾಗುವವನ ಶಾಲೆಯ ಲೆಕ್ಕ ಸರಿಯಿದೆ ಎಂದು ಹೆಂಡತಿಯಾಗುವವಳೇ ಬರೆದುಕೊಟ್ಟಳೆಂದು ಆಕ್ಷೇಪ ಬರಬಹುದು. ಮೇಷ್ಟ್ರುಗಳ ಪಿಂಚಣಿಗೆ ತೊಡಕು. ಅದಕ್ಕೇ ನಾವಿಬ್ಬರೂ ಸಂಬಂಧವೆಂದು ಗಂಗಹನುಮಯ್ಯನವರಿಗೆ ಮೊದಲೇ ಹೇಳಿಬಿಟ್ಟಿದ್ದರು.

ಎದೆಯಲ್ಲಿ ಹಕ್ಕಿಯೊಂದು ರೆಕ್ಕೆ ಬಡಿಯಿತು. ಅದರ ಬೆನ್ನಿಗೇ ಸಿಟ್ಟು ಬಂತು.

“ಆಫೀಸಿಗೆ ಹೇಳಿದ್ರಿ. ನಿಮ್ಮಮ್ಮನಿಗೆ ಹೇಳಿದ್ರಿ. ನನ್ನ ಕೇಳಿದ್ರಾ?”

ಅಷ್ಟೊಂದು ಫೋನುಗಳಲ್ಲಿ ಆ ಒಂದು ಮಾತು ಬಿಟ್ಟುಹೋಗಿದೆಯೆಂದು ಆಗಲೇ ಅವರಿಗೂ ಹೊಳೆದ ಹಾಗಿತ್ತು.

“ಕೇಳಿಲ್ಲ. ಕೇಳಿದ್ರೆ ಏನಂತೀರೋ ಅಂತ ಭಯ ಇತ್ತು. ಈಗ ಕೇಳ್ಲಾ?”

ಒಳಗಿನಿಂದ ಗಂಗಹನುಮಯ್ಯನವರು ನನ್ನ ಹೆಸರು ಕೂಗಿದರು. ಉತ್ತರ ಕೊಡದೆ ಎದ್ದು ಹೋದೆ. ಹೆಜ್ಜೆಗಳು ಹಿಂದೆಯೇ ಬರುವುದು ಕೇಳಿಸಿತು.

ಹಾಲ್‌ನಲ್ಲಿ ಎಲ್ಲರೂ ಬಂದು ಕೂತಿದ್ದರು.

“ಏನಮ್ಮ ಮಾನಸ, ನೀನು ನೋಡಿದ್ರೆ ಹಳೇ ಜೋಡಿನೇ ಬೇಕು ಅಂತೀಯ. ಆವಯ್ಯ ನೋಡಿದ್ರೆ ನೀವಿಬ್ರೂ ಸಂಬಂಧ ಅಂತಾನೆ. ಅಂಗೇನಿಲ್ಲ ಅಂದ್ರೆ ಹೇಳ್ಬುಡು, ಈಗ್ಲೇ ಒಟ್ಗೆ ಕೂರಿಸ್ತೀನಿ.”

ಪೆನ್ನುಗಳು ನಿಂತವು. ಬಾಗಿಲಲ್ಲಿ ಅನಿಲ್ ನಿಂತಿದ್ದರು. ಇಲ್ಲ ಎಂದುಬಿಟ್ಟರೆ ಸಾಕು, ಸಂಜೆಯವರೆಗೆ ಅವರು ನನ್ನ ಎದುರು. ಆ ದನಿ, ಆ ನಿಧಾನ, ಎಲ್ಲ ನನ್ನದು. ಸ್ಪಂದನಾ ಎದ್ದು ಆಚೆ ಹೋಗಬೇಕಾಗುತ್ತಿತ್ತು.

“ಬೇಡ ಸರ್” ಎಂದೆ. “ಸಂಬಂಧ ಐತೆ.”

ಅನಿಲ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ರಾಜಲಕ್ಷ್ಮಮ್ಮ ಕನ್ನಡಕ ತೆಗೆದು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಸ್ಪಂದನಾ. ನನಗೊಂದು ಮಾತು ಹೇಳಲಿಲ್ಲವಲ್ಲ ಸಾರ್ ಎಂದು ನಗುತ್ತ ಹೋಗಿ ಅವರ ತೋಳಿಗೆ ಕಡತದಿಂದ ಮೆಲ್ಲಗೆ ಹೊಡೆದಳು.

ನಾನೂ ನಕ್ಕೆ. ಆದರೂ, ಅಷ್ಟು ಹತ್ತಿರ ನಿಂತು ಹೊಡೆಯುವ ಅಗತ್ಯ ಏನಿತ್ತೋ.