ಕರಿ ದಾರದ ತೋಟಾ

"ಯಾವ ಡಬ್ಬಿ ಬೇಕಾದ್ರೂ ತಗೊಳ್ಳಿ ಸಾರ್. ಆ ಕರಿ ದಾರ ಕಟ್ಟಿದ ತೋಟಾ ಒಂದನ್ನ ಮಾತ್ರ ಮುಟ್ಟಬೇಡಿ," ಎಂದು ಮದ್ದಿನ ಉಗ್ರಾಣ ನೋಡಿಕೊಳ್ಳುವ ಮುದುಕ ಕಪಾಟಿಗೆ ಅಡ್ಡ ನಿಂತ.

ಪರೀಕ್ಷಕ ನಕ್ಕ. ಕೋವಿ ಕಾರ್ಖಾನೆಗೆ ವರ್ಗವಾಗಿ ಬಂದು ಅವನಿಗೆ ಅದು ಮೂರನೇ ದಿನ. ತಯಾರಾದ ಪ್ರತಿ ಕೋವಿಯನ್ನೂ ಹೊಡೆದು ನೋಡಿ, ಸರಿಯಿದ್ದರೆ ನಳಿಗೆಯ ಮೇಲೆ ಮೊಹರು ಒತ್ತುವುದು ಅವನ ಕೆಲಸ. ಬಂದ ದಿನವೇ ಕೆಲಸಗಾರರು ಅವನಿಗೆ ಮೊಹರು ಸಾಹೇಬ ಎಂದು ಹೆಸರಿಟ್ಟಿದ್ದರು.

"ಯಾಕೆ, ಕಚ್ಚುತ್ತಾ?"

"ಮಾಟದ್ದು ಸಾರ್. ಎರಡು ಸಲ ನೀರಿನ ತೊಟ್ಟಿಗೆ ಹಾಕ್ದೆ. ಮಾರನೇ ದಿನ ನೋಡಿದ್ರೆ ಒಣಗಿಕೊಂಡು ಇಲ್ಲೇ ಇತ್ತು."

"ತಾತ, ಹಾಕಿದ್ದೀನಿ ಅಂತ ಅಂದ್ಕೊಂಡಿರ್ತೀರಿ, ಹಾಕಿರಲ್ಲ. ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲಾ ಹುಡುಕೋ ವಯಸ್ಸು ನಿಮ್ದು," ಎಂದವನೇ ಮುದುಕನ ಕಂಕುಳಡಿ ಕೈ ತೂರಿಸಿ ತೋಟಾ ಎತ್ತಿಕೊಂಡ. ಹೆಬ್ಬೆರಳು ಗಾತ್ರದ ಕಾಗದದ ಸುರುಳಿ. ಒಳಗೆ ಮದ್ದು, ತುದಿಗೆ ಸೀಸದ ಗುಂಡು, ಸೊಂಟಕ್ಕೆ ಬಿಗಿದ ಕರಿ ದಾರ. ಬಿಸಿಲಿಗೆ ಇಟ್ಟಿದ್ದಂತೆ ಅದು ಬೆಚ್ಚಗಿತ್ತು.

ತೋಟಾ ಸುತ್ತುವ ಕೋಣೆ ಪಕ್ಕದಲ್ಲೇ. ಗಂಧಕ, ಅಂಟು, ಬೆವರು ಬೆರೆತ ಗಾಳಿ. ಆರು ಹೆಂಗಸರು ಸಾಲಾಗಿ ಕೂತು ಕಾಗದ ಸುತ್ತುತ್ತಿದ್ದರು. ಅವನ ಕೈಯಲ್ಲಿದ್ದುದನ್ನು ಕಂಡು ಐವರ ಕೈ ನಿಂತವು. ಆರನೆಯವಳು, ಎಲ್ಲರೂ ಅಕ್ಕ ಎನ್ನುವವಳು, ತಲೆಯೆತ್ತದೆ ಸುತ್ತುತ್ತಲೇ ಇದ್ದಳು.

"ಇದು ನಿನ್ನ ಕೈಕೆಲಸಾನಾ? ಒಳಗೇನು ತುಂಬಿದ್ದೀಯಮ್ಮ, ದೆವ್ವಾನಾ?"

"ಮದ್ದು ಸಾರ್. ನನ್ನ ತಮ್ಮ ಹಾಕ್ತಿದ್ದಷ್ಟೇ. ಒಂದು ಕಾಳೂ ಹೆಚ್ಚಿಲ್ಲ." ಆಗ ಅವನ ಮುಖ ನೋಡಿದಳು. "ಹೊಡೆದು ನೋಡಿ. ತಪ್ಪು ಮಾಡದ ಕೈಗೆ ಅದು ಏನೂ ಮಾಡಲ್ಲ."

ತಮ್ಮ ಯಾರು ಎಂದು ಅವನು ಕೇಳಲಿಲ್ಲ. ಅಂದು ತಯಾರಾದ ಕೋವಿಯೊಂದನ್ನು ಹೆಗಲಿಗೇರಿಸಿ ಪರೀಕ್ಷೆಯ ಶೆಡ್ಡಿಗೆ ಹೋದ.

ಕಿಟಕಿಯಿಲ್ಲದ ಉದ್ದನೆಯ ಇಟ್ಟಿಗೆ ಶೆಡ್ಡು. ಹೊರಗೆ ಸುಡು ಮಧ್ಯಾಹ್ನ, ಒಳಗೆ ಹಳೇ ಹೊಗೆಯ ಕತ್ತಲೆ. ಆ ತುದಿಯಲ್ಲಿ ಮರಳಿನ ದಿಬ್ಬಕ್ಕೆ ಆನಿಸಿದ ಗುರಿಹಲಗೆ, ಅದರ ಮೇಲೊಂದು ದೀಪ. ಈ ಕೋವಿಗಳಿಗೆ ಮದ್ದು ಬಾಯಿಯಿಂದ ತುಂಬುವುದಲ್ಲ, ಹಿಂದಿನಿಂದ. ಅಡಿಯ ಹಿಡಿಕೆ ಎಳೆದ. ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಬಾಗಿಲು ಕಟಕ್ಕೆಂದು ಕೆಳಗಿಳಿಯಿತು. ತೋಟಾ ತೂರಿಸಿ ಹಿಡಿಕೆ ಮೇಲೆತ್ತಿದ. ಬಾಗಿಲಿನ ಹರಿತವಾದ ಅಂಚು ಕಾಗದದ ಬಾಲ ಕತ್ತರಿಸಿತು. ನಾಲ್ಕು ಕಾಳು ಮದ್ದು ಉದುರಿತು. ದಾರದ ಒಂದು ಎಳೆ ಬೆರಳಿಗೆ ಅಂಟಿಕೊಂಡಿತು. ಕೊಡವಿದ, ಬಿಡಲಿಲ್ಲ. ಅದು ದಾರವಾಗಿರಲಿಲ್ಲ, ಕೂದಲು.

ಥೂ ಎಂದುಕೊಂಡು, ಬಾಗಿಲ ಮೇಲಿನ ಪುಟ್ಟ ಮೊಳೆಗೆ ಕಿಡಿ ಕೊಡುವ ತಾಮ್ರದ ಕೇಪು ಒತ್ತಿದ. ಕೇಪಿಗೆ ಬಡಿಯುವ ಸುತ್ತಿಗೆ ಹಿಂದಕ್ಕೆಳೆದು, ಕೆನ್ನೆ ಕೋವಿಯ ಮರಕ್ಕಿಟ್ಟು, ಬೆರಳಿನಿಂದ ಕುದುರೆ ಒತ್ತಿದ.

ಕೇಪು ಚಟ್ಟೆಂದಿತು. ಗುಂಡು ಹಾರಲಿಲ್ಲ.

ಇಂಥ ಹೊತ್ತಿನಲ್ಲಿ ಕೋವಿ ಇಳಿಸುವಂತಿಲ್ಲ. ಒಳಗೆ ಕಿಡಿ ಕುಳಿತಿದ್ದರೆ ತಡವಾಗಿ ಹೊಡೆಯಬಹುದು. ಅರವತ್ತು ಎಣಿಸಬೇಕು. ಎಣಿಸತೊಡಗಿದ. ಹತ್ತಕ್ಕೆ ಸುಟ್ಟ ಕೂದಲಿನ ವಾಸನೆ ಬಂತು. ಇಪ್ಪತ್ತಕ್ಕೆ ಸುಟ್ಟ ಚರ್ಮದ್ದು. ಆ ವಾಸನೆ ಅವನಿಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ, ಹಿಂದಿನ ಕಾರ್ಖಾನೆಯಲ್ಲಿ, ಭಾವಮೈದುನನ ಮದುವೆಗೆ ಹೊರಡುವ ಅವಸರದಲ್ಲಿ ಐವತ್ತು ಕೋವಿಗಳಿಗೆ ಒಂದನ್ನೂ ಹೊಡೆದು ನೋಡದೆ ಮೊಹರು ಒತ್ತಿದ್ದ. ಅದರಲ್ಲೊಂದರ ಉಕ್ಕಿನ ಬಾಗಿಲು ಬಿರುಕು ಬಿಟ್ಟಿತ್ತು. ಅದನ್ನು ಹೊಡೆದ ಫಿಟ್ಟರ್ ಹುಡುಗನ ಮುಖಕ್ಕೇ ಬೆಂಕಿ ನುಗ್ಗಿತು. ಆಸ್ಪತ್ರೆಯಲ್ಲಿ ನರಳಿ ಸತ್ತ. ವರದಿ ಬರೆದವನು ಇವನೇ: 'ಮೃತನು ಅಳತೆ ಮೀರಿ ಮದ್ದು ತುಂಬಿದ್ದೇ ಕಾರಣ.'

ಮೂವತ್ತು. ನಳಿಗೆಯೊಳಗಿಂದ ಉಸಿರಾಟ ಕೇಳಿಸಿತು. ತೇವದ, ಗೊರಗೊರ ಉಸಿರು.

ಕೋವಿ ಎಸೆಯಲು ಹೋದ. ಆಗಲಿಲ್ಲ. ಕೂದಲು ಬೆರಳನ್ನು ಕುದುರೆಗೆ ಸುತ್ತಿ ಬಿಗಿದಿತ್ತು. ಮತ್ತೊಂದೆಳೆ ಕಿವಿಯ ಹಿಂದೆ ಹರಿಯಿತು. ಕೆನ್ನೆ ಮರಕ್ಕೆ ಅಂಟಿತು. ಕಣ್ಣೆದುರೇ ಸುತ್ತಿಗೆ ಅಲುಗಿತು. ತಾನಾಗಿಯೇ ಮೇಲೆದ್ದಿತು. ಸಿಡಿದ ಕೇಪಿನ ಜಾಗದಲ್ಲಿ ಹೊಸ ಕೇಪು ಹೊಳೆಯಿತು. ಅವನು ಇಟ್ಟದ್ದಲ್ಲ.

"ಸಾರ್." ಉಕ್ಕಿನ ಬಾಗಿಲ ಸಂದಿನಿಂದ, ತುಟಿಯಿಲ್ಲದ ಬಾಯಿಯ ಮಾತು. "ನಾನು ಎಷ್ಟು ಮದ್ದು ಹಾಕಿದ್ದೆ ಸಾರ್?"

ನಿಜ ಹೇಳಿಬಿಡಬಹುದಿತ್ತು. ನಿಜ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಎರಡು ವರ್ಷ ಎಲ್ಲರಿಗೂ ಹೇಳಿ ಹೇಳಿ ರೂಢಿಯಾದದ್ದೇ ಹೊರಬಿತ್ತು.

"ಹೆಚ್ಚು! ಹೆಚ್ಚು ಹಾಕಿದ್ದೆ ನೀನು!"

ಸುತ್ತಿಗೆ ಬಿತ್ತು. ಬೆಂಕಿ ಮುಂದಕ್ಕೆ ಹೋಗಲಿಲ್ಲ.

* * *

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮುಖದ ತುಂಬ ಪಟ್ಟಿ. ಎರಡು ಕಣ್ಣೂ ಹೋಗಿವೆ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಬದುಕಿದ್ದೇ ಹೆಚ್ಚು ಎಂದು ನರ್ಸಮ್ಮ ಸಮಾಧಾನ ಮಾಡಿದಳು. ಹತ್ತನೇ ದಿನವೋ ಹನ್ನೆರಡನೇ ದಿನವೋ, ಮಂಚದ ಪಕ್ಕ ಯಾರೋ ಸ್ಟೂಲು ಎಳೆದು ಕೂತರು. ಗಂಧಕ, ಅಂಟು ಮೂಗಿಗೆ ಬಡಿದವು.

"ನಾನು ಸಾರ್, ಅಕ್ಕ."

ಅವನು ಗೋಡೆಯ ಕಡೆ ಸರಿದ. "ಇನ್ನೇನು ಬೇಕು ನಿಂಗೆ? ಎಲ್ಲಾ ತಗೊಂಡ್ಯಲ್ಲ."

"ನೀವು ವರ್ಗವಾಗಿ ಬರ್ತೀರ ಅಂತ ತಿಳಿದೇ ಈ ಕಾರ್ಖಾನೆ ಸೇರಿದ್ದೆ. ನಿಮ್ಮ ಲೆಕ್ಕ ಮುಗೀತು. ತಮ್ಮ ಸತ್ತಾಗ ನಂಗೆ ಕೊಟ್ಟ ಆ ವರದಿ ಕೆಳಗೆ ಎರಡು ರುಜು ಇದ್ವು. ಒಂದು ನಿಮ್ದು. ಇನ್ನೊಂದು ಗೀಚಿದ ಹಾಗಿದೆ, ಎಷ್ಟು ಸಲ ನೋಡಿದ್ರೂ ಓದಕ್ಕಾಗ್ಲಿಲ್ಲ. ಯಾರದು?"

ಅವನಿಗೆ ಗೊತ್ತಿತ್ತು. ಅಪ್ಪ ಸತ್ತಮೇಲೆ ತಾನು ಓದು ಬಿಟ್ಟು ಇವನನ್ನು ಓದಿಸಿದ ಅಣ್ಣ, ಆ ಹಿಂದಿನ ಕಾರ್ಖಾನೆಯ ಮ್ಯಾನೇಜರು. "ನಿನ್ನ ಕೆಲಸ ಉಳೀಲಿ, ಸತ್ತೋನಿಗೆ ಏನಾದ್ರೇನು ಕಣೋ," ಎಂದು ಕಣ್ಣು ಮುಚ್ಚಿ ರುಜು ಹಾಕಿದ್ದ.

"ಗೊತ್ತಿಲ್ಲ," ಎಂದ.

ಪಟ್ಟಿಯ ಒಳಗೆ, ಕಣ್ಣಿದ್ದ ಗುಳಿಯಲ್ಲಿ, ಸಣ್ಣಗೆ ಏನೋ ಹರಿದಾಡಿತು. ಎಳೆ. ಇನ್ನೊಂದು ಎಳೆ. ಬಿಸಿ ಏರಿತು. ಕೂದಲು ಸುಡುವ ವಾಸನೆ ಮಂಚದ ಸುತ್ತ ತುಂಬಿತು. ಅಕ್ಕ ಅವಸರ ಮಾಡಲಿಲ್ಲ. ಕಾದಳು.

ಅವನು ಹೆಸರು ಹೇಳಿದ. ಮನೆಯ ಬೀದಿ ಹೇಳಿದ. ಅವಳು ಕೇಳಿರದಿದ್ದರೂ ಅಣ್ಣ ಬೆಳಿಗ್ಗೆ ಎಷ್ಟು ಗಂಟೆಗೆ ಒಬ್ಬನೇ ಕಾರ್ಖಾನೆಗೆ ನಡೆದು ಹೋಗುತ್ತಾನೆ ಎಂಬುದನ್ನೂ ಹೇಳಿದ. ಬಿಸಿ ಇಳಿಯಿತು.

"ನಿಮಗೇನಾಗ್ಬೇಕು ಅವರು?"

"ಅಣ್ಣ... ನನ್ನ ಸಾಕಿದೋನು."

"ನಾನೂ ಸಾಕಿದ್ದೆ ಸಾರ್," ಎಂದಳು. ಸ್ಟೂಲು ಕಿರಗುಟ್ಟಿತು. ಚಪ್ಪಲಿಯ ಸದ್ದು ವಾರ್ಡು ದಾಟಿ ಮೆಟ್ಟಿಲಿಳಿಯಿತು. ಪಕ್ಕದ ಮಂಚದ ಹತ್ತಿರ ನರ್ಸಮ್ಮ ಯಾರಿಗೋ ಔಷಧಿ ಕುಡಿಸುತ್ತಿದ್ದಳು. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಅಣ್ಣನಿಗೆ ಫೋನು ಹೋಗುತ್ತಿತ್ತು.

ಅವನು ಹೊದಿಕೆ ಗಲ್ಲದವರೆಗೆ ಎಳೆದುಕೊಂಡು, ತುಟಿ ಬಿಗಿಹಿಡಿದು ಮಲಗಿದ.